ಓಯ್ ಅಂದ್ರೆ ಕಬ್ಬು: ಒಂದು ಥಾಯ್ ಮನೆಯಲ್ಲಿ ನನ್ನ ಮೊದಲ ದಿನಗಳು

ಎರಡನೇ ಸೆಮಿಸ್ಟರ್ ಪರೀಕ್ಷೆ ಮುಗಿದ ಮೇಲೆ ಆರು ವಾರ ನಾನು ಥಾಯ್ಲೆಂಡಿನ ಖೋನ್ ಕೇನ್ ಅನ್ನೋ ಊರಲ್ಲಿ ಎಕ್ಸ್‌ಚೇಂಜ್ ವಿದ್ಯಾರ್ಥಿನಿಯಾಗಿ ಇದ್ದೆ. ಹಾಸ್ಟೆಲ್‌ನಲ್ಲಿ ಅಲ್ಲ, ಒಂದು ಮನೆಯಲ್ಲಿ. ವಾಪಸ್ ಬಂದಾಗಿನಿಂದ ಕ್ಯಾಂಟೀನಲ್ಲಿ, ಲ್ಯಾಬಲ್ಲಿ ಎಲ್ಲರೂ ಕೇಳೋದು ಮೂರೇ ಪ್ರಶ್ನೆ. ಊಟಕ್ಕೆ ಏನ್ ಮಾಡ್ದೆ? ಭಾಷೆ ಹೇಗೆ ಮ್ಯಾನೇಜ್ ಮಾಡ್ದೆ? ಗೊತ್ತಿಲ್ಲದವರ ಮನೆಯಲ್ಲಿ ಇರೋಕೆ ಭಯ ಆಗ್ಲಿಲ್ವಾ? ಮುಂದಿನ ಬ್ಯಾಚಲ್ಲಿ ಅರ್ಜಿ ಹಾಕಬೇಕು ಅಂತಿರೋರಿಗೆ ಉಪಯೋಗ ಆಗಲಿ ಅಂತ ಎಲ್ಲಾ ಉತ್ತರ ಒಂದೇ ಕಡೆ ಬರೀತಿದ್ದೇನೆ.

ನನ್ನ ಊರು ಜಮಖಂಡಿ ತಾಲ್ಲೂಕಿನ ಸಾವಳಗಿ. ಓದಿದ್ದು ಪೂರ್ತಿ ಇಂಗ್ಲಿಷ್ ಮೀಡಿಯಂ. ಬರಹದಲ್ಲಿ ತಪ್ಪಿದ್ದರೆ ಕ್ಲಬ್‌ನವರು ತಿದ್ದಿರುತ್ತಾರೆ. ತಿದ್ದದೇ ಬಿಟ್ಟದ್ದು ಇದ್ದರೆ ಅದು ತಪ್ಪಲ್ಲ, ಸಾವಳಗಿ ಕನ್ನಡ.

ಹೋಸ್ಟ್ ಫ್ಯಾಮಿಲಿ ಅಂದ್ರೆ ಏನು?

ಅದು ಪಿಜಿ ಅಲ್ಲ, ಲಾಡ್ಜ್ ಅಲ್ಲ. ಒಂದು ಕುಟುಂಬ ನಿಮ್ಮನ್ನು ತಮ್ಮ ಮನೆಯ ಮಗುವಿನ ಹಾಗೆ ಇಟ್ಟುಕೊಳ್ಳುತ್ತದೆ. ಅವರು ಉಣ್ಣೋದು ನೀವು ಉಣ್ತೀರಿ, ಅವರು ಮಲಗೋ ಹೊತ್ತಿಗೆ ನೀವು ಮಲಗ್ತೀರಿ. ಈ ಪದ್ಧತಿಯನ್ನು ದೊಡ್ಡದಾಗಿ ಬೆಳೆಸಿದ ಸಂಸ್ಥೆಗಳಲ್ಲಿ ಎಎಫ್ಎಸ್ ಒಂದು. ಅದು ಶುರುವಾದದ್ದು ಶಾಲೆಗಳಿಂದ ಅಲ್ಲ, ಯುದ್ಧದಿಂದ. ಮೊದಲ ಮಹಾಯುದ್ಧದ ಹೊತ್ತಿಗೆ, 1915ರಲ್ಲಿ, ಫ್ರಾನ್ಸಿನಲ್ಲಿ ಗಾಯಾಳುಗಳನ್ನು ಸಾಗಿಸಲು ಅಮೆರಿಕದ ಸ್ವಯಂಸೇವಕರು ಆಂಬ್ಯುಲೆನ್ಸ್ ಓಡಿಸಿದರು. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಅದೇ ಸಂಸ್ಥೆ ವಿದ್ಯಾರ್ಥಿಗಳನ್ನು ಒಂದು ದೇಶದಿಂದ ಇನ್ನೊಂದು ದೇಶದ ಮನೆಗಳಿಗೆ ಕಳಿಸೋಕೆ ಶುರು ಮಾಡಿತು. ಒಬ್ಬರ ಮನೆಯಲ್ಲಿ ಉಂಡವರು ಆ ದೇಶವನ್ನು ಅಷ್ಟು ಸುಲಭಕ್ಕೆ ಶತ್ರು ಅನ್ನಲ್ಲ ಅನ್ನೋ ನಂಬಿಕೆ. ರೋಟರಿ ಕೂಡ ಶಾಲಾ ಮಕ್ಕಳಿಗೆ ಇಂಥದ್ದೇ ಕಾರ್ಯಕ್ರಮ ನಡೆಸುತ್ತದೆ. ನಾನು ಹೋದದ್ದು ಕಾಲೇಜಿನ ಮೂಲಕ, ಸಣ್ಣ ಅವಧಿಗೆ.

ಇದನ್ನು ನಮ್ಮ ಅಜ್ಜನಿಗೆ ವಿವರಿಸೋಕೆ ನಾನು ಅರ್ಧ ಗಂಟೆ ತಯಾರಿ ಮಾಡಿದ್ದೆ. ಅವರು ಒಂದೇ ಮಾತಲ್ಲಿ ಮುಗಿಸಿದರು: "ಅಂದ್ರ ವಾರಾನ್ನ ಇದ್ದಂಗ." ಹಿಂದೆ ಓದೋಕೆ ಅಂತ ಪಟ್ಟಣಕ್ಕೆ ಹೋದ ಬಡ ಹುಡುಗರು ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಅಂತ ವಾರಪೂರ್ತಿ ಏಳು ಮನೆಯಲ್ಲಿ ಉಂಡು ಓದುತ್ತಿದ್ದರು. ಅಜ್ಜನಿಗೆ ಅದು ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅವ್ವ ಮಾತ್ರ ಬ್ಯಾಗಿಗೆ ಶೇಂಗಾ ಹಿಂಡಿ, ಕಟಕ್ ರೊಟ್ಟಿ ತುಂಬುತ್ತಾ ಒಂದು ಮಾತು ಹೇಳಿದಳು: "ಭಿಡೆ ಮಾಡ್ಕೋಬ್ಯಾಡ. ಬೇಕಾದ್ದು ಕೇಳಿ ಉಣ್ಣು." ಆ ಮಾತಿನ ಬೆಲೆ ಗೊತ್ತಾಗೋಕೆ ಒಂಬತ್ತು ದಿನ ಬೇಕಾಯ್ತು.

ಓದೋಕೆ ಬರದ ಲಿಪಿಯಲ್ಲಿ ಗೊತ್ತಿರೋ ಪದಗಳು

ಬ್ಯಾಂಕಾಕಿನ ವಿಮಾನ ನಿಲ್ದಾಣದ ಹೆಸರು ಬರಹದಲ್ಲಿ ಸುವರ್ಣಭೂಮಿ. ಆದರೆ ಅಲ್ಲಿನವರು ಹೇಳೋದು "ಸುವನ್ನಫೂಮ್". ಮೊದಲು ಇದು ತಮಾಷೆ ಅನ್ನಿಸ್ತು. ಆಮೇಲೆ ಗೊತ್ತಾಯ್ತು, ಇದಕ್ಕೊಂದು ನಿಯಮ ಇದೆ. ಥಾಯ್ ಭಾಷೆ ಸಂಸ್ಕೃತ, ಪಾಲಿ ಪದಗಳನ್ನು ಸಾವಿರಗಟ್ಟಲೆ ತೆಗೆದುಕೊಂಡಿದೆ. ಬರೆಯುವಾಗ ಹಳೆಯ ಕಾಗುಣಿತವನ್ನು ಹೆಚ್ಚಾಗಿ ಹಾಗೇ ಇಟ್ಟುಕೊಂಡಿದೆ, ಉಚ್ಚಾರ ಮಾತ್ರ ಬದಲಾಗಿದೆ. ಗ ಇದ್ದದ್ದು ಖ, ದ ಇದ್ದದ್ದು ಥ, ಬ ಮತ್ತು ಭ ಎರಡೂ ಫ (ಇಂಗ್ಲಿಷಿನ ಎಫ್ ಅಲ್ಲ, ನಮ್ಮ ಮಹಾಪ್ರಾಣ ಫ). ಪದದ ಕೊನೆಯ ರ, ಲ ಎರಡೂ ನ್ ಆಗುತ್ತವೆ. ಈ ಟೇಬಲ್ ತಲೆಯಲ್ಲಿ ಇಟ್ಟುಕೊಂಡರೆ ಬಾಗಿಲು ತೆರೆಯುತ್ತದೆ. ಗುರು ಅಂದ್ರೆ ಖ್ರೂ. ಭಾಷಾ ಅಂದ್ರೆ ಫಾಸಾ. ಆಹಾರ ಅಂದ್ರೆ ಆಹಾನ್. ಟೆಲಿಫೋನಿಗೆ ಥೋರಸಪ್, ಅಂದ್ರೆ ದೂರಶಬ್ದ. ಟಿವಿಗೆ ಥೋರಥತ್, ಅಂದ್ರೆ ನಮ್ಮ ದೂರದರ್ಶನವೇ.

ನಮಗೆ ಸಂಬಂಧಪಟ್ಟ ಪದ ಬೇರೆ ಇದೆ. ಎಂಜಿನಿಯರಿಂಗ್‌ಗೆ ಥಾಯ್ ಪದ "ವಿತ್ಸವಕಮ್". ವಿಶ್ವಕರ್ಮ! ಎಂಜಿನಿಯರಿಂಗ್ ವಿಭಾಗದ ಬೋರ್ಡಿನ ಮೇಲೆ ಬರೆದಿರೋದು, ಅಕ್ಷರ ಅಕ್ಷರ ಬಿಡಿಸಿದರೆ, ಗಣ-ವಿಶ್ವಕರ್ಮ-ಶಾಸ್ತ್ರ. ನಾವು ಆಯುಧ ಪೂಜೆಯ ದಿನ ವರ್ಕ್‌ಶಾಪಿನ ಲೇತ್‌ಗೆ ಕುಂಕುಮ ಹಚ್ಚಿ ಮರೆತುಬಿಡ್ತೀವಿ, ಅಲ್ಲಿ ದೇವಶಿಲ್ಪಿಯ ಹೆಸರು ಡಿಗ್ರಿಯಲ್ಲೇ ಇದೆ. ಅವರ ಲಿಪಿ ಕೂಡ ದಕ್ಷಿಣ ಭಾರತದ ಪಲ್ಲವ ಲಿಪಿಯಿಂದ, ಖ್ಮೇರ್ ಲಿಪಿಯ ಮೂಲಕ ಬಂದದ್ದು. ಅಕ್ಷರಮಾಲೆ ಕ ವರ್ಗದಿಂದ ಶುರುವಾಗಿ ಚ ವರ್ಗ, ಟ ವರ್ಗ ಅಂತ ನಮ್ಮ ಕ್ರಮದಲ್ಲೇ ಹೋಗುತ್ತದೆ. ಆದರೆ ಮೋಸ ಹೋಗಬೇಡಿ. ಪದಗಳ ನಡುವೆ ಜಾಗ ಬಿಡಲ್ಲ, ಐದು ಬಗೆಯ ಸ್ವರದ ಏರಿಳಿತ ಇದೆ, ಏರಿಳಿತ ತಪ್ಪಿದರೆ ಅರ್ಥವೇ ಬೇರೆ. ಬೋರ್ಡು ಓದಿ ಖುಷಿಪಡಬಹುದು, ಅಂಗಡಿಯವರ ಜೊತೆ ಮಾತಾಡೋಕೆ ಬೇರೆಯೇ ಕಷ್ಟ ಪಡಬೇಕು.

ಮೊದಲ ಸಂಜೆ: ವಯಸ್ಸು ಎಷ್ಟು?

ಖೋನ್ ಕೇನ್ ಬ್ಯಾಂಕಾಕಿನಿಂದ ಈಶಾನ್ಯಕ್ಕೆ ಸುಮಾರು 450 ಕಿಲೋಮೀಟರ್. ಈ ಭಾಗಕ್ಕೆ ಈಸಾನ್ ಅಂತಾರೆ. ಅದೂ ನಮ್ಮ ಈಶಾನ್ಯ ಪದವೇ. ಮನೆ ಊರ ಹೊರಗಡೆ. ಬಾಗಿಲಲ್ಲಿ ನಾಲ್ಕು ಜನ ನಿಂತಿದ್ದರು: ಅಮ್ಮ, ಅಪ್ಪ, ಅಮ್ಮನ ಅವ್ವ, ಹನ್ನೆರಡು ವರ್ಷದ ಮಗಳು. ನಾನು ಚಪ್ಪಲಿ ಹೊರಗೆ ಬಿಟ್ಟು, ಕೈ ಮುಗಿದು, ಅಭ್ಯಾಸ ಮಾಡಿದ್ದ "ಸವತ್ದೀ ಖಾ" ಹೇಳಿದೆ. ಸವತ್ದೀ ಅಂದ್ರೆ ಸ್ವಸ್ತಿ. ಕೈ ಮುಗಿಯೋದಕ್ಕೆ ವಾಯ್ ಅಂತಾರೆ. ಚಿಕ್ಕವರು ಮೊದಲು ಮುಗಿಯಬೇಕು, ಎದುರಿನವರು ದೊಡ್ಡವರಾದಷ್ಟೂ ಕೈ ಮೇಲೆ ಹೋಗಬೇಕು.

ಇನ್ನು ಆ "ಖಾ". ಹೆಣ್ಣುಮಕ್ಕಳು ಮಾತಿನ ಕೊನೆಗೆ ಖಾ ಹಚ್ಚಬೇಕು, ಗಂಡಸರು ಖ್ರಪ್. ಅದಿಲ್ಲದಿದ್ದರೆ ಮಾತು ಒರಟು. ಬೆಂಗಳೂರಿನ ಗೆಳತಿಯರಿಗೆ ಇದನ್ನು ವಿವರಿಸೋದು ಕಷ್ಟ, ನಮ್ಮ ಕಡೆಯವರಿಗೆ ಒಂದೇ ಅಕ್ಷರ ಸಾಕು: ಅದು ನಮ್ಮ "ರೀ". ಹೌದ್ರೀ, ಬರ್ರೀ, ಇಲ್ರೀ. ಎರಡನೇ ದಿನಕ್ಕೆ ನನ್ನ ಬಾಯಲ್ಲಿ ಖಾ ತಾನಾಗಿಯೇ ಬರ್ತಿತ್ತು.

ಕೂತ ಕೂಡಲೇ ಅವರು ಕೇಳಿದ ಮೊದಲ ಪ್ರಶ್ನೆ ವಯಸ್ಸು. ನನಗೆ ಸ್ವಲ್ಪ ಮುಜುಗರ ಆಯ್ತು. ಆದರೆ ಅದು ಕುತೂಹಲ ಅಲ್ಲ, ವ್ಯಾಕರಣ. ಥಾಯ್‌ನಲ್ಲಿ ನಾನು, ನೀನು ಅನ್ನೋ ಜಾಗದಲ್ಲಿ ಹೆಚ್ಚಾಗಿ ಸಂಬಂಧದ ಪದವೇ ಬರುತ್ತದೆ. ದೊಡ್ಡವರಾದರೆ ಫೀ, ಚಿಕ್ಕವರಾದರೆ ನೋಂಗ್. ಅಕ್ಕ-ಅಣ್ಣ ಅನ್ನೋ ಭೇದ ಇಲ್ಲ, ಹಿರಿಯ-ಕಿರಿಯ ಅನ್ನೋದು ಮಾತ್ರ ಮುಖ್ಯ. ಅಮ್ಮನಿಗೆ ಮ್ಯಾ, ಅಪ್ಪನಿಗೆ ಫೋ, ಅಮ್ಮನ ಅವ್ವನಿಗೆ ಯಾಯ್, ಅಪ್ಪನ ಅವ್ವನಿಗೆ ಯಾ. ಶಾಲೆಯಲ್ಲಿ ಎಲ್ಲರಿಗೂ ಅಂಕಲ್-ಆಂಟಿ ಅಂದುಕೊಂಡು ಬೆಳೆದ ನನಗೆ ಕಾಕಾ, ಮಾಮಾ, ಚಿಗವ್ವ, ಅತ್ತಿ ಎಲ್ಲ ಒಮ್ಮೆಲೇ ನೆನಪಾದವು.

ಆಮೇಲೆ ಹೆಸರು. ನನ್ನ ನಾಲ್ಕಕ್ಷರದ ಹೆಸರು ಯಾಯ್ ಬಾಯಲ್ಲಿ ನಿಲ್ಲಲಿಲ್ಲ. ಥಾಯ್ ಜನರಿಗೆ ದಾಖಲೆಯ ಹೆಸರು ಒಂದು, ಕರೆಯೋ ಅಡ್ಡಹೆಸರು ಇನ್ನೊಂದು. ಅಡ್ಡಹೆಸರು ಸಾಮಾನ್ಯವಾಗಿ ಒಂದೇ ಉಸಿರಿನದು: ನೋಕ್ ಅಂದ್ರೆ ಹಕ್ಕಿ, ಲೇಕ್ ಅಂದ್ರೆ ಚಿಕ್ಕದು. ನಿಮ್ಮ ಊರಲ್ಲಿ ಏನು ಬೆಳೀತಾರೆ ಅಂತ ಫೋ ಕೇಳಿದರು. ಫೋನಿನಲ್ಲಿ ಕಬ್ಬಿನ ಫೋಟೋ ತೋರಿಸಿದೆ. ಎಲ್ಲರೂ ಒಟ್ಟಿಗೆ "ಓಯ್!" ಅಂದರು. ಥಾಯ್‌ನಲ್ಲಿ ಕಬ್ಬಿಗೆ ಓಯ್ ಅಂತಾರೆ, ಹುಡುಗಿಯರಿಗೆ ಇಡೋ ಹೆಸರೂ ಹೌದು. ಅವತ್ತಿನಿಂದ ನಾನು ಓಯ್. ನಮ್ಮ ಸಂತೆಯಲ್ಲಿ ಯಾರಾದರೂ ಹಿಂದಿನಿಂದ ಓಯ್ ಅಂದರೆ ಅವ್ವ ತಿರುಗಿ ಬೈದೇ ಬಿಡ್ತಾಳೆ.

ಊಟ: ನಾನು ಮಾಡಿದ ತಪ್ಪು

ಥಾಯ್ ಜನ ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್ ಹಿಡಿದು ಉಣ್ತಾರೆ ಅಂತ ವಿಡಿಯೋ ನೋಡಿ ಹಾಸ್ಟೆಲ್‌ನಲ್ಲಿ ಅಭ್ಯಾಸ ಮಾಡಿ ಹೋಗಿದ್ದೆ. ಈಸಾನ್‌ನ ಆ ಮನೆಯಲ್ಲಿ ನೆಲಕ್ಕೆ ಚಾಪೆ ಹಾಸಿದರು, ಬಿದಿರಿನ ಸಣ್ಣ ಬುಟ್ಟಿಯಲ್ಲಿ ಅಂಟು ಅಂಟಾದ ಅನ್ನ ಇಟ್ಟರು, ಎಲ್ಲರೂ ಕೈ ಹಾಕಿದರು. ಅದಕ್ಕೆ ಖಾವ್ ನಿಯಾವ್ ಅಂತ ಹೆಸರು. ಒಂದು ತುತ್ತು ಮುರಿದು, ಉಂಡೆ ಮಾಡಿ, ಪಲ್ಯಕ್ಕೆ ಅದ್ದಿ ಬಾಯಿಗೆ. ರೊಟ್ಟಿ ಮುರಿದು ಉಣ್ಣೋ ನನಗೆ ಕಲಿಯೋಕೆ ಏನೂ ಇರಲಿಲ್ಲ.

ಕಷ್ಟ ಬೇರೆ ಕಡೆ ಇತ್ತು. ನಮ್ಮ ಮನೆಯಲ್ಲಿ ಮಾಂಸ, ಮೀನು, ಮೊಟ್ಟೆ ಇಲ್ಲ. ಬೌದ್ಧರ ದೇಶ, ಸಸ್ಯಾಹಾರ ಸುಲಭ ಅಂತ ಅಂದುಕೊಂಡಿದ್ದೆ. ಅದು ತಪ್ಪು ಲೆಕ್ಕ. ಅಲ್ಲಿ ಭಿಕ್ಷುಗಳು ಬೆಳಿಗ್ಗೆ ಭಿಕ್ಷೆಗೆ ಬರುತ್ತಾರೆ, ಜನ ಪಾತ್ರೆಗೆ ಹಾಕಿದ್ದನ್ನು ಸ್ವೀಕರಿಸುತ್ತಾರೆ, ಅದರಲ್ಲಿ ಮಾಂಸವೂ ಇರಬಹುದು. ಸಸ್ಯಾಹಾರಕ್ಕೆ ಎರಡು ಪದ ಇವೆ. ಒಂದು ಮಂಗ್ಸವಿರತ್, ಅಂದ್ರೆ ಮಾಂಸವಿರತಿ. ಅದರಲ್ಲಿ ಮೊಟ್ಟೆ, ಹಾಲು ನಡೆಯುತ್ತದೆ. ಇನ್ನೊಂದು ಚೇ. ಅದರಲ್ಲಿ ಮೊಟ್ಟೆ, ಹಾಲು ಇಲ್ಲ, ಬೆಳ್ಳುಳ್ಳಿ-ಈರುಳ್ಳಿಯೂ ಇಲ್ಲ. ನಾನು ಎರಡರಲ್ಲೂ ಪೂರ್ತಿ ಹಿಡಿಸಲ್ಲ. ನಾನು ಮಂಗ್ಸವಿರತ್ ಅಂದಿದ್ದೆ. ಮ್ಯಾ ನನಗೋಸ್ಕರ ತೋಫು, ಸೊಪ್ಪು, ಬದನೆಕಾಯಿ ತಂದು ಬೇರೆ ಅಡುಗೆ ಮಾಡಿದರು.

ಮೂರನೇ ದಿನ ಅಡುಗೆಮನೆಗೆ ನೀರಿಗೆ ಅಂತ ಹೋದಾಗ ನೋಡಿದೆ: ನನ್ನ ಸೊಪ್ಪಿನ ಬಾಣಲೆಗೆ ಮ್ಯಾ ಒಂದು ಬಾಟಲಿಯಿಂದ ಏನೋ ಸುರೀತಿದ್ದರು. ಬಾಟಲಿ ಮೇಲೆ ಮೀನಿನ ಚಿತ್ರ. ಅದು ನಾಮ್ ಪ್ಲಾ. ಮೀನನ್ನು ಉಪ್ಪಿನಲ್ಲಿ ತಿಂಗಳುಗಟ್ಟಲೆ ಹುಳಿಸಿ ಬಸಿದ ರಸ. ಅವರಿಗೆ ಅದು ಮೀನಲ್ಲ, ಉಪ್ಪು. ನಮ್ಮಲ್ಲಿ ಉಪ್ಪಿಲ್ಲದೆ ಪಲ್ಯ ಮಾಡಿ ಅಂದ ಹಾಗೆ. ಎರಡು ದಿನ ನಾನು ಅದನ್ನೇ ಉಂಡಿದ್ದೆ.

ಆಗ ನಾನು ಏನು ಮಾಡಬೇಕಿತ್ತು? ಹೇಳಬೇಕಿತ್ತು. ಏನು ಮಾಡಿದೆ? ಸುಮ್ಮನಾದೆ. ಅಷ್ಟು ಪ್ರೀತಿಯಿಂದ ಮಾಡಿದ್ದಾರೆ, ಹೇಗೆ ಹೇಳೋದು ಅಂತ. ಅವತ್ತಿನಿಂದ ಬರೀ ಅನ್ನ, ಹಣ್ಣು, ರೂಮಿಗೆ ಹೋಗಿ ಅವ್ವನ ರೊಟ್ಟಿ-ಹಿಂಡಿ. ಮ್ಯಾ ಇನ್ನೊಂದು ಸ್ವಲ್ಪ ಅಂದಾಗೆಲ್ಲ "ಇಮ್ ಲೇವ್ ಖಾ", ಅಂದ್ರೆ ಹೊಟ್ಟೆ ತುಂಬ್ತು ರೀ. ರಾತ್ರಿ ಹಸಿವಿಗೆ ನಿದ್ದೆ ಬರ್ತಿರಲಿಲ್ಲ. ಅವ್ವನ ಫೋನ್ ಬಂದರೆ "ಎಲ್ಲಾ ಭಾರಿ ಐತಿ" ಅಂತಿದ್ದೆ. ಪರರ ಮನೆಯಲ್ಲಿ ಅಳೋಕೂ ಜಾಗ ಇಲ್ಲ ಅಂತ ಬಾತ್‌ರೂಮಿನಲ್ಲಿ ನೀರು ಬಿಟ್ಟು ಅತ್ತಿದ್ದೇನೆ. ಇದನ್ನು ಬರೀಬೇಕೋ ಬೇಡವೋ ಅಂತ ಯೋಚಿಸಿದೆ. ಹೋಗೋರಿಗೆ ಗೊತ್ತಿರಲಿ ಅಂತ ಬರೀತಿದ್ದೇನೆ.

ಒಂಬತ್ತನೇ ದಿನ ಆ ಮನೆಯ ಹುಡುಗಿ, ನನ್ನ ನೋಂಗ್, ಶಾಲೆಯ ಇಂಗ್ಲಿಷಿನಲ್ಲಿ ಹೇಳಿದಳು: "ಮದರ್ ಸ್ಯಾಡ್. ಓಯ್ ನಾಟ್ ಈಟ್. ಮದರ್ ಥಿಂಕ್ ಫುಡ್ ಬ್ಯಾಡ್." ಅಂದ್ರೆ ಅಷ್ಟು ದಿನ ಮ್ಯಾ ಕೂಡ ಸುಮ್ಮನಿದ್ದರು. ಕೇಳಿದರೆ ಹುಡುಗಿಗೆ ಬೇಜಾರಾದೀತು ಅಂತ. ಇದಕ್ಕೆ ಥಾಯ್‌ನಲ್ಲಿ ಒಂದು ಪದ ಇದೆ: ಕ್ರೇಂಗ್ ಜಾಯ್. ಇನ್ನೊಬ್ಬರಿಗೆ ತೊಂದರೆ ಆದೀತು, ಮನಸ್ಸಿಗೆ ನೋವಾದೀತು ಅಂತ ಹಿಂಜರಿಯೋದು. ಇಂಗ್ಲಿಷಿಗೆ ಅನುವಾದ ಮಾಡೋದು ಕಷ್ಟ ಅಂತ ಪ್ರವಾಸದ ಪುಸ್ತಕಗಳಲ್ಲಿ ಬರೆದಿರುತ್ತಾರೆ. ಕನ್ನಡದಲ್ಲಿ ಕಷ್ಟವೇ ಇಲ್ಲ. ಅದು ಭಿಡೆ. ಅವ್ವ ಬ್ಯಾಗ್ ತುಂಬುವಾಗ ಬೇಡ ಅಂದದ್ದು ಅದನ್ನೇ. ಆ ಮನೆಯಲ್ಲಿ ಎರಡೂ ಕಡೆ ಭಿಡೆ, ನಡುವೆ ನಾನು ಉಪವಾಸ.

ನೋಂಗ್ ಕೈ ಹಿಡ್ಕೊಂಡು ಅಡುಗೆಮನೆಗೆ ಹೋದೆ. ನಾಮ್ ಪ್ಲಾ ಬಾಟಲಿ ಎತ್ತಿ, ಮೀನಿನ ಚಿತ್ರ ತೋರಿಸಿ, ಕೈ ಮುಗಿದೆ. ಮ್ಯಾ ಒಂದು ಕ್ಷಣ ನೋಡಿ ಹಣೆ ಬಡ್ಕೊಂಡರು. ಆಮೇಲೆ ನಗೋಕೆ ಶುರು ಮಾಡಿದರು, ನಾನೂ ನಕ್ಕೆ, ಕಣ್ಣಲ್ಲಿ ನೀರೂ ಬಂತು. ಅವತ್ತೇ ನನಗೆ ಒಂದು ಸಣ್ಣ ಬಾಣಲೆ ಬೇರೆ ಆಯ್ತು, ನಾಮ್ ಪ್ಲಾ ಬದಲು ಸೋಯಾ ಸಾಸ್ ಬಂತು. ಯಾಯ್ ಒಂದು ಒರಳು ತೊಳೆದು ನನ್ನ ಮುಂದಿಟ್ಟು, ನೀನು ಏನಾದರೂ ಕುಟ್ಟು ಅಂತ ಸನ್ನೆ ಮಾಡಿದರು. ಶೇಂಗಾ ಹುರಿದು, ಬೆಳ್ಳುಳ್ಳಿ, ಒಣಮೆಣಸಿನಕಾಯಿ, ಉಪ್ಪು ಹಾಕಿ ಹಿಂಡಿ ಕುಟ್ಟಿದೆ. ಯಾಯ್ ಅನ್ನದ ಉಂಡೆಗೆ ಹಚ್ಚಿ ತಿಂದು "ಸೇಪ್!" ಅಂದರು.

ಸೇಪ್ ಅಂದ್ರೆ ರುಚಿ. ಆದರೆ ನಾನು ಪುಸ್ತಕದಲ್ಲಿ ಕಲಿತ ಪದ ಅರೋಯ್. ಅರೋಯ್ ಬ್ಯಾಂಕಾಕ್ ಥಾಯ್, ಸೇಪ್ ಈಸಾನ್ ಮಾತು. ಈಸಾನ್ ಮಾತು ಪಕ್ಕದ ದೇಶದ ಲಾವೋ ಭಾಷೆಗೆ ಹತ್ತಿರ. ಶಾಲೆ, ಆಫೀಸು, ಟಿವಿಯಲ್ಲಿ ಬ್ಯಾಂಕಾಕ್ ಥಾಯ್, ಮನೆಯಲ್ಲಿ ಈಸಾನ್. ನೋಂಗ್ ಶಾಲೆಯಲ್ಲಿ ಮನೆಮಾತು ಆಡೋಕೆ ನಾಚ್ತಾಳಂತೆ. ಮೊದಲ ಸೆಮಿಸ್ಟರಲ್ಲಿ ನಾನು "ಐತಿ" ಅಂದಾಗ ಕ್ಲಾಸು ನಕ್ಕಿತ್ತು, ಆಮೇಲೆ ನಾನು "ಇದೆ" ಅನ್ನೋಕೆ ಕಲಿತೆ. ಅವಳಿಗೆ ಅದನ್ನು ಹೇಳೋಷ್ಟು ಥಾಯ್ ನನಗೆ ಬರ್ತಿರಲಿಲ್ಲ. ಸೇಪ್, ಸೇಪ್ ಅಂತ ನಾನೂ ಅವಳ ಎದುರಿಗೆ ಜೋರಾಗಿ ಅಂದೆ.

ಒಂಬತ್ತು ದಿನಕ್ಕೊಂದು ವಿವರಣೆ

ಕಲ್ಚರ್ ಶಾಕ್ ಅನ್ನೋ ಮಾತನ್ನು ಜನಪ್ರಿಯ ಮಾಡಿದವರು ಮಾನವಶಾಸ್ತ್ರಜ್ಞ ಕಾಲರ್ವೊ ಓಬರ್ಗ್, 1954ರ ಒಂದು ಭಾಷಣದಲ್ಲಿ. ಮರುವರ್ಷ, 1955ರಲ್ಲಿ, ಸ್ವೆರ್ರೆ ಲೀಸ್ಗೋರ್ ಅನ್ನೋ ಸಂಶೋಧಕರು ಅಮೆರಿಕಕ್ಕೆ ಹೋಗಿಬಂದ ನಾರ್ವೆಯವರನ್ನು ಮಾತಾಡಿಸಿ ಒಂದು ಗ್ರಾಫ್ ಸೂಚಿಸಿದರು: ಮೊದಲು ಖುಷಿ, ಆಮೇಲೆ ಕುಸಿತ, ಆಮೇಲೆ ಚೇತರಿಕೆ. ಯು ಅಕ್ಷರದ ಹಾಗೆ. ಆದರೆ ಎಲ್ಲರಿಗೂ ಹಾಗೆ ಆಗಲ್ಲ. ನ್ಯೂಜಿಲೆಂಡಿಗೆ ಹೋದ ಜಪಾನಿ ವಿದ್ಯಾರ್ಥಿಗಳ ಬಗ್ಗೆ 1998ರಲ್ಲಿ ಬಂದ ಅಧ್ಯಯನದಲ್ಲಿ ಮೊದಲ ದಿನಗಳೇ ಎಲ್ಲಕ್ಕಿಂತ ಭಾರವಾಗಿದ್ದವು.

ನನಗೆ ಇದು ನೆಟ್‌ವರ್ಕ್ ಅನಾಲಿಸಿಸ್‌ನ ಟ್ರಾನ್ಸಿಯೆಂಟ್ ಥರ ಕಾಣುತ್ತದೆ. ಸ್ವಿಚ್ ಹಾಕಿದ ಕೂಡಲೇ ಸರ್ಕ್ಯೂಟು ಹೊಸ ಸ್ಥಿತಿಗೆ ಹೋಗಿ ನಿಲ್ಲಲ್ಲ, ಸ್ವಲ್ಪ ಹೊತ್ತು ಒದ್ದಾಡುತ್ತದೆ. ಆ ಒದ್ದಾಟ ದೋಷ ಅಲ್ಲ. ಆದರೆ ಎಷ್ಟು ಹೊತ್ತು ಒದ್ದಾಡಬೇಕು ಅನ್ನೋದು ರೆಸಿಸ್ಟರ್ ಮೇಲೆ ನಿಂತಿದೆ. ನಾನು ಮೂರನೇ ದಿನವೇ ಬಾಯಿ ಬಿಟ್ಟಿದ್ದರೆ ಆರು ದಿನ ಉಳೀತಿತ್ತು.

ಫೋ, ಅಪ್ಪ ಮತ್ತು ನಲವತ್ತು ಗುಂಟೆ

ಆ ಶನಿವಾರ ಫೋ ನನ್ನನ್ನು ಕಬ್ಬಿನ ಹೊಲಕ್ಕೆ ಕರ್ಕೊಂಡು ಹೋದರು. ಥಾಯ್ಲೆಂಡ್ ಜಗತ್ತಿಗೆ ಸಕ್ಕರೆ ಮಾರೋ ದೊಡ್ಡ ದೇಶಗಳಲ್ಲಿ ಒಂದು, ಅದರ ಬಹಳಷ್ಟು ಕಬ್ಬು ಈಸಾನ್‌ನದು. ಫೋ ಒಂದೊಂದೇ ಕೇಳಿದರು. ನಿಮ್ಮಲ್ಲಿ ಎಷ್ಟು ಟನ್ ಬರುತ್ತೆ? ಯಾವಾಗ ನಾಟಿ? ನೀರು ಎಲ್ಲಿಂದ? ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಕಬ್ಬಿನ ದುಡ್ಡಲ್ಲೇ ಫೀಸು ಕಟ್ಟಿದ್ದು.

ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. "ಇಷ್ಟ್ ವರ್ಷ ಹೊಲದ ಕಡೆ ಹಣಿಕಿ ನೋಡಿಲ್ಲ, ಅಲ್ಲಿ ಹೋದ ಮ್ಯಾಲ ನೆನಪಾತೇನು?" ಅಂದರು. ಬೈದದ್ದಲ್ಲ, ಖುಷಿಯಾಗಿತ್ತು. ಎಕರೆಗೆ ನಲವತ್ತು ಟನ್ ಅಂದರು. ಫೋ ರಾಯ್‌ಗೆ ಹತ್ತು ಟನ್ ಅಂದರು. ರಾಯ್ ಅವರ ಅಳತೆ, 1600 ಚದರ ಮೀಟರ್, ನಮ್ಮ ಸುಮಾರು 16 ಗುಂಟೆ. ಲೆಕ್ಕ ಹಾಕಿದರೆ ಅವರದು ಎಕರೆಗೆ 25 ಟನ್. ಅಲ್ಲಿ ಹೆಚ್ಚಿನ ಕಬ್ಬು ಮಳೆಯನ್ನೇ ನಂಬಿದ್ದು. ನಿಮಗೆ ನೀರು ಹೇಗೆ ಅಂತ ಫೋ ಮತ್ತೆ ಕೇಳಿದರು. ಆಗ ಅಪ್ಪ ಚಿಕ್ಕಪಡಸಲಗಿ ಬ್ಯಾರೇಜಿನ ಕಥೆ ಹೇಳಿದರು. ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ರೈತರೇ ದುಡ್ಡು ಕೂಡಿಸಿ, ಮೈಮುರಿದು ದುಡಿದು ಕೃಷ್ಣೆಗೆ ಅಡ್ಡಲಾಗಿ 1989ರಲ್ಲಿ ಕಟ್ಟಿ ಮುಗಿಸಿದ ಬ್ಯಾರೇಜ್, ಶ್ರಮಬಿಂದು ಸಾಗರ. ನಾನು ಅದರ ಮೇಲೆ ಎಷ್ಟೋ ಸಲ ಹಾದುಹೋಗಿದ್ದೇನೆ, ಎಂಜಿನಿಯರಿಂಗ್ ಸೇರಿದ್ದೇನೆ, ಅದನ್ನು ಯಾರು ಕಟ್ಟಿದ್ದು ಅಂತ ಕೇಳಿರಲಿಲ್ಲ. ನನ್ನ ಐವತ್ತು ಪದದ ಥಾಯ್‌ನಲ್ಲಿ ಫೋಗೆ ಅನುವಾದ ಮಾಡಿದೆ: "ಸರ್ಕಾರ ಅಲ್ಲ. ರೈತರು. ತಾವೇ." ಫೋ ಫೋನಿನ ಕಡೆ ತಿರುಗಿ ಅಪ್ಪನಿಗೆ ಕೈ ಮುಗಿದರು.

ಹೋಗೋರಿಗೆ ಕೆಲವು ಮಾತು

ಸಸ್ಯಾಹಾರಿ ಅಂತ ಹೇಳಬೇಡಿ. ಏನೇನು ತಿನ್ನಲ್ಲ ಅಂತ ಪಟ್ಟಿ ಮಾಡಿ, ಥಾಯ್ ಲಿಪಿಯಲ್ಲಿ ಬರೆಸಿ ಚೀಟಿ ಇಟ್ಟುಕೊಳ್ಳಿ. "ಮಾಯ್ ಸಾಯ್ ನಾಮ್ ಪ್ಲಾ", ಅಂದ್ರೆ ಮೀನಿನ ರಸ ಹಾಕಬೇಡಿ, ಬಾಯಿಪಾಠ ಮಾಡಿ.

ಮಲಗೋ ಮುಂಚೆ ಸ್ನಾನ ಮಾಡಿ. ಬೆಳಿಗ್ಗೆ ಒಂದೇ ಸಲ ಮಾಡೋದು ಅವರಿಗೆ ಸ್ವಲ್ಪ ವಿಚಿತ್ರ.

ಯಾರ ತಲೆಯನ್ನೂ ಮುಟ್ಟಬೇಡಿ, ಕಾಲು ಯಾರ ಕಡೆಗೂ ಚಾಚಬೇಡಿ. ಬೆಳಿಗ್ಗೆ 8ಕ್ಕೆ, ಸಂಜೆ 6ಕ್ಕೆ ರಾಷ್ಟ್ರಗೀತೆ ಕೇಳಿಸಿದರೆ ಇದ್ದಲ್ಲೇ ನಿಲ್ಲಿ.

ಎರಡು ಮೂರು ದಿನದೊಳಗೆ ಮನೆಯಲ್ಲಿ ಒಂದು ಕೆಲಸ ಕೇಳಿ ತಗೊಳ್ಳಿ. ಪಾತ್ರೆ ತೊಳೆಯೋದಾಗಲಿ, ಸೊಪ್ಪು ಬಿಡಿಸೋದಾಗಲಿ. ಕೆಲಸ ಇಲ್ಲದವರು ಅತಿಥಿ, ಅತಿಥಿಗೆ ಎಲ್ಲರೂ ಭಿಡೆ ಮಾಡ್ತಾರೆ.

ಅಲ್ಲಿ ಎದುರಿಗೆ ಸಿಕ್ಕವರು ಕೇಳೋದು "ಕಿನ್ ಖಾವ್ ರೂ ಯಂಗ್?", ಊಟ ಆಯ್ತಾ ಇಲ್ಲವಾ ಅಂತ. ನಮ್ಮ ಕಡೆ "ಊಟ ಆತೇನ್ರೀ" ಅಂದಂಗ. ಅದಕ್ಕೆ ಎಲ್ಲರೂ ಆಯ್ತು ಅಂತಲೇ ಹೇಳ್ತಾರೆ, ನಾನೂ ಒಂಬತ್ತು ದಿನ ಹಾಗೇ ಹೇಳಿದೆ. ಈಗ ನಮ್ಮ ಹಾಸ್ಟೆಲ್‌ಗೆ ಫಸ್ಟ್ ಇಯರ್ ಹುಡುಗಿಯರು ಬಂದಿದ್ದಾರೆ. ಕೆಲವರು ಕಲಬುರಗಿ, ರಾಯಚೂರು ಕಡೆಯವರು, ಮೆಸ್ಸಿನ ಸಾರು ನೋಡಿ ಏನೂ ಅನ್ನದೆ ಮೊಸರನ್ನ ಉಂಡು ಏಳ್ತಾರೆ. ಊಟ ಆಯ್ತಾ ಅಂದ್ರೆ ಆಯ್ತು ಅಕ್ಕಾ ಅಂತಾರೆ. ನಾನು ಎರಡನೇ ಸಲ ಕೇಳ್ತೀನಿ. ನನ್ನ ರೂಮಿನಲ್ಲಿ ಒಂದು ಡಬ್ಬಿ ಶೇಂಗಾ ಹಿಂಡಿ ಯಾವಾಗಲೂ ಇರುತ್ತೆ.

ಅರ್ಜಿ ಹಾಕೋರಿಗೆ ಇನ್ನೂ ಏನಾದರೂ ಕೇಳೋದಿದ್ದರೆ ಸಂಜೆ ಕ್ಲಬ್ಬಿನಲ್ಲಿ ಸಿಗ್ತೀನಿ. ಭಿಡೆ ಬ್ಯಾಡ.